ಸುಣ್ಣದ ಬಂಡೆಯೊಳಗೊಂದು ಊರು

ವರ್ಷವಿಡೀ ಉಣ್ಣಲು ಬೇಕಾದುದನ್ನು ರಾಮ್ಸ್‌ಗೇಟ್ ಹೆಚ್ಚುಕಡಿಮೆ ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ ದುಡಿದುಕೊಳ್ಳುತ್ತಿತ್ತು. ಇಂಗ್ಲೆಂಡಿನ ಆಗ್ನೇಯ ತುದಿಯಲ್ಲಿ, ಕೆಂಟ್ ಕೌಂಟಿಯ ಥ್ಯಾನೆಟ್ ಭಾಗದಲ್ಲಿರುವ ಈ ಕಡಲತೀರದ ಊರಿಗೆ ಲಂಡನ್ನಿನ ಕಾರ್ಖಾನೆ ಕೆಲಸಗಾರರು, ಗುಮಾಸ್ತರು, ಸಣ್ಣ ಅಂಗಡಿಯವರು ಮಕ್ಕಳುಮರಿ ಕಟ್ಟಿಕೊಂಡು ರೈಲು ತುಂಬ ಬರುತ್ತಿದ್ದರು. ಮರಳಿನ ಮೇಲೆ ಬಾಡಿಗೆ ಕುರ್ಚಿ, ಕತ್ತೆ ಸವಾರಿ, ಬೊಂಬೆಯಾಟ. ಬಂದರಿನ ಸುತ್ತಲ ಬೀದಿಗಳಲ್ಲಿ ವಾರದ ಲೆಕ್ಕಕ್ಕೆ ಕೋಣೆ ಕೊಡುವ ಮನೆಗಳು. ಬೇಸಗೆಯಲ್ಲಿ ಮನೆಯವರು ಅಡುಗೆಮನೆಯಲ್ಲಿ ಒತ್ತೊತ್ತಾಗಿ ಮಲಗಿ, ಒಳ್ಳೆಯ ಕೋಣೆಗಳನ್ನೆಲ್ಲ ಅತಿಥಿಗಳಿಗೆ ಬಿಟ್ಟುಕೊಡುತ್ತಿದ್ದರು. 1930ರ ದಶಕದಲ್ಲಿ ಊರಿನ ಜನಸಂಖ್ಯೆ ಸುಮಾರು 33,000.

ಈ ಊರು ನಿಂತಿರುವುದು ಸೀಮೆಸುಣ್ಣದ ಬಂಡೆಯ ಮೇಲೆ. ಮೆತ್ತಗಿನ ಬಿಳಿ ಕಲ್ಲು, ಕೊರೆಯುವುದು ಸುಲಭ, ಕೊರೆದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. 1863ರಲ್ಲಿ ರೈಲು ಕಂಪನಿಯೊಂದು ಇದೇ ಬಂಡೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಸುರಂಗ ಕೊರೆದು ಪ್ರಯಾಣಿಕರನ್ನು ನೇರ ಮರಳಿನ ಬುಡಕ್ಕೇ ತಂದು ಇಳಿಸಿತು. 1926ರಲ್ಲಿ ಕಡಲ ಬದಿಯ ಆ ನಿಲ್ದಾಣ ಮುಚ್ಚಿದಾಗ ಸುರಂಗ ಪಾಳುಬಿತ್ತು. ಹತ್ತು ವರ್ಷದ ನಂತರ ಅದರ ಒಂದು ಭಾಗದಲ್ಲಿ ಪ್ರವಾಸಿಗರಿಗಾಗಿ ಪುಟ್ಟ ವಿದ್ಯುತ್ ರೈಲು ಓಡತೊಡಗಿತು. ಮುಂದೆ ಊರನ್ನು ಉಳಿಸಿದ್ದು ಈ ಬಂಡೆ ಮತ್ತು ಈ ಸುರಂಗ.

ಯುದ್ಧ ಏನೆಂಬುದನ್ನು ರಾಮ್ಸ್‌ಗೇಟ್ ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ, 1915ರ ಮೇ 17ರ ರಾತ್ರಿ, ಜರ್ಮನಿಯ ಜೆಪೆಲಿನ್ ವಾಯುನೌಕೆಯೊಂದು ಬಂದು ಬುಲ್ ಅಂಡ್ ಜಾರ್ಜ್ ಎಂಬ ಹೋಟೆಲನ್ನು ಒಡೆದುಹಾಕಿತ್ತು. 1917ರ ಜೂನ್‌ನಲ್ಲಿ ಇನ್ನೊಂದು ಜೆಪೆಲಿನ್ ಎಸೆದ ಬಾಂಬು ಬಂದರಿನ ಬಳಿಯ ನೌಕಾಪಡೆಯ ಮದ್ದುಗುಂಡಿನ ಉಗ್ರಾಣಕ್ಕೆ ಬಿದ್ದು, ಊರಿನ ಗಾಜುಗಳೆಲ್ಲ ಪುಡಿಪುಡಿಯಾದವು. ಆಗ ಜನ ಓಡಿ ಅಡಗಿದ್ದು ಸುಣ್ಣದ ಬಂಡೆಯ ಗುಹೆಗಳಲ್ಲಿ. ಎಳವೆಯಲ್ಲಿ ತಾಯಿಯ ಕೈ ಹಿಡಿದು ಗುಹೆಗೆ ಓಡಿದ್ದವರು 1938ರ ಹೊತ್ತಿಗೆ ತಾವೇ ತಂದೆತಾಯಿಗಳಾಗಿದ್ದರು.

ಆ ನೆನಪನ್ನು ನಕ್ಷೆಯಾಗಿ ಬಿಡಿಸಿದವರು ಪುರಸಭೆಯ ಎಂಜಿನಿಯರ್ ಆರ್. ಡಿ. ಬ್ರಿಮ್ಮೆಲ್. ಬೆನ್ನಿಗೆ ನಿಂತವರು ಮೇಯರ್ ಎ. ಬಿ. ಸಿ. ಕೆಂಪ್, ಸದಾ ಎತ್ತರದ ಕರಿಟೋಪಿ ಧರಿಸಿ ಓಡಾಡುತ್ತಿದ್ದ ಮನುಷ್ಯ. ಹಳೆಯ ರೈಲು ಸುರಂಗಕ್ಕೆ ಜೋಡಿಸಿ, ಊರಿನ ಬೀದಿಗಳ ಅಡಿಯಲ್ಲಿ ಅರ್ಧಚಂದ್ರಾಕಾರದಲ್ಲಿ ಹೊಸ ಸುರಂಗಗಳ ಜಾಲ ತೋಡಬೇಕು, ಯಾವ ಬೀದಿಯಿಂದಲಾದರೂ ಕೆಲವೇ ನಿಮಿಷಗಳಲ್ಲಿ ಒಳಗಿಳಿಯುವಂತೆ ಬಾಗಿಲುಗಳಿರಬೇಕು ಎಂಬುದು ಅವರ ಯೋಜನೆ. ಲಂಡನ್ ಮೊದಲು ಇದಕ್ಕೆ ಒಪ್ಪಲಿಲ್ಲ.

ಒಪ್ಪದಿದ್ದುದಕ್ಕೆ ಹಿನ್ನೆಲೆಯಿದೆ. ಸ್ಪೇನಿನ ಅಂತರ್ಯುದ್ಧದಲ್ಲಿ ನಗರಗಳ ಮೇಲೆ ಬಾಂಬು ಸುರಿದುದನ್ನು ಕಣ್ಣಾರೆ ಕಂಡು ಬಂದಿದ್ದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1938ರಲ್ಲಿ ಪುಸ್ತಕವನ್ನೇ ಬರೆದು, ಜನರನ್ನು ಉಳಿಸಬೇಕಾದರೆ ನೆಲದಾಳದ ಸುರಂಗಗಳೇ ಬೇಕೆಂದು ವಾದಿಸಿದ್ದರು. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಸರ್ಕಾರದ ಕಡೆಯಿಂದ ನಾಗರಿಕ ರಕ್ಷಣೆಯ ಹೊಣೆ ಹೊತ್ತಿದ್ದವರು ಅದಕ್ಕೆ ತುಸು ಮೊದಲು ಬಂಗಾಳದ ಗವರ್ನರ್ ಆಗಿದ್ದ ಸರ್ ಜಾನ್ ಆಂಡರ್ಸನ್. ಆಳದ ಆಶ್ರಯಗಳ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ಪಂಜಾಬ್ ಮತ್ತು ಸಂಯುಕ್ತ ಪ್ರಾಂತ್ಯಗಳನ್ನು ಆಳಿದ್ದ ಲಾರ್ಡ್ ಹೇಲಿ. 1939ರ ಏಪ್ರಿಲ್‌ನಲ್ಲಿ ಆ ಸಮಿತಿ ಆಳದ ಆಶ್ರಯಗಳು ಬೇಡವೆಂದಿತು. ಹಣ, ಉಕ್ಕು, ಸಮಯ ಸಾಲದು. ಸೈರನ್ ಕೂಗಿದ ಮೇಲೆ ದೊಡ್ಡ ಜನಸಂದಣಿ ಒಂದೇ ಬಾಗಿಲಿಗೆ ನುಗ್ಗಿದರೆ ಕಾಲ್ತುಳಿತವಾಗುತ್ತದೆ. ಈ ಕಾರಣಗಳಲ್ಲಿ ಹುರುಳಿತ್ತು. ಆದರೆ ಇವುಗಳ ಹಿಂದೆ ಇನ್ನೊಂದು ಅಂಜಿಕೆಯೂ ಇತ್ತು. ಒಮ್ಮೆ ಆಳಕ್ಕಿಳಿದ ಜನ ಮತ್ತೆ ಮೇಲೆ ಬರಲಾರರು, ಕಾರ್ಖಾನೆ ಬಿಟ್ಟು ಬಿಲದಲ್ಲೇ ಉಳಿಯುತ್ತಾರೆ, ದೇಶದ ಎದೆಗಾರಿಕೆ ಕರಗಿಹೋಗುತ್ತದೆ ಎಂಬ ಅಂಜಿಕೆ. ಜನರನ್ನು ದೂರದಿಂದ ಆಳಿ ರೂಢಿಯಾದವರು ತಮ್ಮ ನಾಡಿನ ಬಡವರ ಧೈರ್ಯವನ್ನೂ ಅದೇ ದೂರದಿಂದ ಅಳೆದರು ಎಂದು ನನಗೆ ಅನ್ನಿಸುತ್ತದೆ. ಬದಲಿಗೆ ಕೊಟ್ಟದ್ದು ಹಿತ್ತಲಲ್ಲಿ ಅರ್ಧ ಹೂಳುವ ತಗಡಿನ ಆಂಡರ್ಸನ್ ಗೂಡು. ಕಡಿಮೆ ವರಮಾನದವರಿಗೆ ಉಚಿತ, ಉಳಿದವರಿಗೆ 7 ಪೌಂಡ್. ಹಿತ್ತಲೇ ಇಲ್ಲದ, ಗೋಡೆಗೆ ಗೋಡೆ ತಾಗಿದ ಮನೆಗಳಿದ್ದ ಬೀದಿಗೆ ಅದರಿಂದ ಏನೂ ಆಗುವಂತಿರಲಿಲ್ಲ.

ಹೇಲಿ ಸಮಿತಿಯ ಮಾತು ಹೊರಬೀಳುವ ಮುನ್ನವೇ, ಯುರೋಪನ್ನು ಯುದ್ಧದ ಅಂಚಿಗೆ ತಂದಿದ್ದ ಮ್ಯೂನಿಕ್ ಬಿಕ್ಕಟ್ಟಿನ ಬಿಸಿ ಆರುವ ಮೊದಲು, ಕೆಂಪ್ ಮತ್ತು ಬ್ರಿಮ್ಮೆಲ್ ಪಟ್ಟುಹಿಡಿದು ಒಪ್ಪಿಗೆ ಪಡೆದರು. 1939ರ ಮಾರ್ಚ್‌ನಲ್ಲಿ ಅನುಮತಿ ಬಂತು. ಜೂನ್ 1ರಂದು ಮೊದಲ ಭಾಗವನ್ನು ಡ್ಯೂಕ್ ಆಫ್ ಕೆಂಟ್ ಉದ್ಘಾಟಿಸಿದರು. ಎಲ್ಲ ಮುಗಿದಾಗ ಹೊಸ ಸುರಂಗಗಳ ಉದ್ದ ಐದು ಕಿಲೋಮೀಟರಿಗೂ ಹೆಚ್ಚು, ಆಳ ಸುಮಾರು 60 ಅಡಿ. ಇಬ್ಬರು ಎದುರುಬದುರಾಗಿ ದಾಟಿಹೋಗುವಷ್ಟು ಅಗಲ, ತಲೆಗೆ ತಾಗದಷ್ಟು ಎತ್ತರ. ಗೋಡೆಗುಂಟ ಮರದ ಬೆಂಚು, ಅಲ್ಲಲ್ಲಿ ಪರದೆ ಕಟ್ಟಿದ ಶೌಚದ ಬಕೆಟ್ಟು, ಮೇಲೆ ಸಾಲಾಗಿ ವಿದ್ಯುತ್ ದೀಪ. ಊರಿನ ಜನರೆಲ್ಲ ಇಳಿದರೂ ಇನ್ನಷ್ಟು ಜನಕ್ಕೆ ಜಾಗವಿತ್ತು. ಒಟ್ಟು 60,000 ಮಂದಿ ಹಿಡಿಸುವ ಲೆಕ್ಕ. ಬೇಸಗೆಯ ಪ್ರವಾಸಿಗರನ್ನೂ ಊರಿನವರೆಂದೇ ಎಣಿಸಿದ ಲೆಕ್ಕವದು.

ಆ ಪ್ರವಾಸಿಗರು ಮಾತ್ರ ಮತ್ತೆ ಬರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದಾಗ ಋತು ಮುಗಿಯುತ್ತಿತ್ತು. ಮುಂದಿನ ಬೇಸಗೆಯ ಕನಸು ಇನ್ನೂ ಇತ್ತು. ಚಳಿಗಾಲವೆಲ್ಲ ಕಿಟಕಿಗೆ ಕರಿಬಟ್ಟೆ ಕಟ್ಟಿ ಕಾದದ್ದಾಯಿತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆ, ಹಂದಿಮಾಂಸಕ್ಕೆ ಪಡಿತರ ಚೀಟಿ ಬಂತು. ಮೇ ತಿಂಗಳಲ್ಲಿ ಫ್ರಾನ್ಸ್ ಕುಸಿಯತೊಡಗಿತು.

ಫ್ರಾನ್ಸಿನ ತೀರದ ಡನ್‌ಕರ್ಕ್‌ನಿಂದ ಮಿತ್ರಸೇನೆಯನ್ನು ತೆರವು ಮಾಡಿದ ಆ ದಿನಗಳಲ್ಲಿ, ಮೇ 26ರಿಂದ ಜೂನ್ 4ರವರೆಗೆ, ಸಣ್ಣ ದೋಣಿಗಳು ಕೂಡಿಕೊಂಡು ಹೊರಟ ಮುಖ್ಯ ಬಂದರು ರಾಮ್ಸ್‌ಗೇಟ್. ಟೈಟಾನಿಕ್ ಹಡಗಿನ ಮುಳುಗಡೆಯಲ್ಲಿ ಬದುಕಿ ಉಳಿದಿದ್ದ ಅಧಿಕಾರಿ ಚಾರ್ಲ್ಸ್ ಲೈಟಾಲರ್ ತನ್ನ ಸನ್‌ಡೌನರ್ ಎಂಬ ಖಾಸಗಿ ದೋಣಿಯನ್ನು ನೌಕಾಪಡೆಗೆ ಬಿಟ್ಟುಕೊಡದೆ, ಮಗನನ್ನು ಜೊತೆಗೆ ಕರೆದುಕೊಂಡು ತಾನೇ ಇಲ್ಲಿಂದ ಹೊರಟು, ಸುಮಾರು 130 ಸೈನಿಕರನ್ನು ತುಂಬಿಕೊಂಡು ಇಲ್ಲಿಗೇ ಮರಳಿದ. ದೋಣಿಗಳ ಪಾಲು ಎಷ್ಟೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಪಾರಾದ 3,38,000 ಮಂದಿಯಲ್ಲಿ ಮೂರನೇ ಎರಡರಷ್ಟು ಜನ ಡನ್‌ಕರ್ಕ್ ಬಂದರಿನ ಕಟ್ಟೆಯಿಂದಲೇ ದೊಡ್ಡ ಹಡಗು ಹತ್ತಿದವರು. ಸಣ್ಣ ದೋಣಿಗಳ ಕಥೆ ಆ ಕಾಲದ ಪ್ರಚಾರದಲ್ಲಿ ಉಬ್ಬಿತು ಎನ್ನುವವರಿದ್ದಾರೆ. ತೀರದ ಆಳವಿಲ್ಲದ ನೀರಿನಿಂದ ಹಡಗಿಗೆ ಜನರನ್ನು ಸಾಗಿಸಿದ್ದು ಆ ದೋಣಿಗಳೇ ಅಲ್ಲವೇ ಎಂದು ಇನ್ನು ಕೆಲವರು. ರಾಮ್ಸ್‌ಗೇಟ್‌ನ ಮಟ್ಟಿಗೆ ಕಂಡ ಸತ್ಯ ಇಷ್ಟು: 42,000ಕ್ಕೂ ಹೆಚ್ಚು ಸೈನಿಕರು ಈ ಪುಟ್ಟ ಬಂದರಿನಲ್ಲಿ ಇಳಿದು, 82 ವಿಶೇಷ ರೈಲುಗಳಲ್ಲಿ ಒಳನಾಡಿಗೆ ಹೋದರು. ಒದ್ದೆ ಸಮವಸ್ತ್ರ, ಬರಿಗಾಲು, ನಿಂತಲ್ಲೇ ನಿದ್ದೆ. ಊರಿನ ಹೆಂಗಸರು ಚಹಾ ಕಾಯಿಸಿದರು, ಬ್ರೆಡ್ಡು ಕೊಯ್ದು ಕೊಟ್ಟರು.

ಇದರ ನಡುವೆಯೇ ಜೂನ್ 2ರ ಭಾನುವಾರ ಊರಿನ ಮಕ್ಕಳನ್ನು ಕಳಿಸಲಾಯಿತು. ಕುತ್ತಿಗೆಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ಪೆಟ್ಟಿಗೆ. ಸೈನಿಕರು ಹೊರಟ ನಿಲ್ದಾಣದಿಂದಲೇ ಶಾಲೆಗೆ ಶಾಲೆಯೇ ಸ್ಟಾಫರ್ಡ್‌ಶೈರ್ ಮುಂತಾದ ಒಳನಾಡಿನ ಊರುಗಳಿಗೆ ರೈಲು ಹತ್ತಿತು. ಆ ವಾರದ ಬಗ್ಗೆ ಬರೆದವರೆಲ್ಲ ಬಂದರಿನ ಕಡೆಗೇ ನೋಡಿದ್ದಾರೆ. ಮಗುವನ್ನು ಯಾರದೋ ಮನೆಗೆ ಕಳಿಸಿ, ಕಣ್ಣೊರೆಸಿಕೊಂಡು ಬಂದು, ಯಾರದೋ ಮಗನಿಗೆ ಚಹಾ ಕೊಟ್ಟ ತಾಯಂದಿರು ಆ ಊರಲ್ಲಿದ್ದರು. ಡನ್‌ಕರ್ಕ್ ಕಥೆಯಲ್ಲಿ ಅವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಮುಂದೆ ಊರು ಬರಿದಾಗತೊಡಗಿತು. ಜರ್ಮನ್ ಸೇನೆ ಕಡಲಾಚೆ ಬಂದು ನಿಂತಿತ್ತು. ಮರಳಿಗೆ ಮುಳ್ಳುತಂತಿ ಸುತ್ತಿ, ನೆಲಬಾಂಬುಗಳನ್ನು ಹೂತು ತೀರವನ್ನು ಮುಚ್ಚಿದರು. ಹೊರಗಿನವರು ವಿಹಾರಕ್ಕೆ ಬರಕೂಡದೆಂದು ನಿಷೇಧ ಬಿತ್ತು. ಹೋಟೆಲುಗಳು ಸೈನ್ಯದ ವಸತಿಯಾದವು. ಕೋಣೆ ಬಾಡಿಗೆಗೆ ಕೊಡುತ್ತಿದ್ದ ವಿಧವೆಯರು, ಐಸ್‌ಕ್ರೀಮ್ ಮಾರುವವರು, ಕುರ್ಚಿ ಬಾಡಿಗೆಯವರು, ವಾದ್ಯಗಾರರು ಒಂದೇ ಸಲಕ್ಕೆ ಬರಿಗೈಯಾದರು. ಮನೆತೆರಿಗೆ ಕಟ್ಟುವವರೇ ಇಲ್ಲವಾಗಿ ತೀರದ ಪುರಸಭೆಗಳು ಸರ್ಕಾರದ ಮುಂಗಡ ಹಣಕ್ಕೆ ಕೈಚಾಚಬೇಕಾಯಿತು. ಕೈಲಾದವರು ಊರು ಬಿಟ್ಟರು. ಉಳಿದವರು ಬಂದರು, ರೈಲು, ಗ್ಯಾಸ್ ಕಾರ್ಖಾನೆ, ಆಸ್ಪತ್ರೆಗಳ ಕೆಲಸಕ್ಕೆ ಕಟ್ಟುಬಿದ್ದವರು, ಮತ್ತು ಹೋಗಲು ಬೇರೆ ಮನೆಯಿಲ್ಲದವರು.

1940ರ ಆಗಸ್ಟ್ 24, ಶನಿವಾರ. ಹತ್ತಿರದ ಮ್ಯಾನ್‌ಸ್ಟನ್ ವಾಯುನೆಲೆಯ ಮೇಲೆ ಜರ್ಮನ್ ವಿಮಾನಗಳು ಹನ್ನೆರಡು ದಿನಗಳಿಂದ ಮತ್ತೆ ಮತ್ತೆ ಎರಗುತ್ತಿದ್ದವು. ಅಂದು ಅವು ರಾಮ್ಸ್‌ಗೇಟ್‌ನ ಮೇಲೂ ಬಂದವು. ಐದೇ ನಿಮಿಷಗಳಲ್ಲಿ ಸುಮಾರು 500 ಬಾಂಬು ಬಿದ್ದವು. ಗ್ಯಾಸ್ ಕಾರ್ಖಾನೆಗೆ ಬೆಂಕಿ ಹತ್ತಿತು. ಸುಮಾರು 1,200 ಮನೆಗಳಿಗೆ ಹಾನಿಯಾಯಿತು. ಸತ್ತವರು 29 ನಾಗರಿಕರು, ಇಬ್ಬರು ಸೈನಿಕರು. ಮನೆಗಳ ಪಾಡನ್ನು ನೋಡಿದವರಿಗೆ ಸಾವಿನ ಈ ಸಂಖ್ಯೆ ನಂಬಲಾಗಲಿಲ್ಲ. ಸೈರನ್ ಕೂಗುತ್ತಲೇ ಸಾವಿರಾರು ಜನ ನೆಲದ ಕೆಳಗಿದ್ದರು.

ಊರನ್ನೇ ಗುರಿಯಾಗಿಸಿದ ದಾಳಿಯೋ, ಮ್ಯಾನ್‌ಸ್ಟನ್‌ಗೆಂದು ತಂದ ಬಾಂಬುಗಳನ್ನು ವಿಮಾನವಿರೋಧಿ ತೋಪುಗಳ ಹೊಡೆತಕ್ಕೆ ಚದುರಿದ ವಿಮಾನಗಳು ಸಿಕ್ಕಲ್ಲಿ ಸುರಿದವೋ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಕೆಳಗಿದ್ದವರಿಗೆ ಆ ವ್ಯತ್ಯಾಸ ಯಾವ ನೆಮ್ಮದಿಯನ್ನೂ ತರಲಿಲ್ಲ. ಅದೇ ರಾತ್ರಿ ಲಂಡನ್ ನಗರದ ನಡುಭಾಗಕ್ಕೆ ಬಾಂಬು ಬಿತ್ತು; ಮರುರಾತ್ರಿ ಬ್ರಿಟಿಷ್ ವಿಮಾನಗಳು ಬರ್ಲಿನ್ನಿಗೆ ಹೋದವು; ಎರಡು ವಾರದೊಳಗೆ ಲಂಡನ್ನಿನ ಮೇಲೆ ರಾತ್ರಿದಾಳಿಗಳ ಸರಣಿ ಶುರುವಾಯಿತು. ರಾಜಧಾನಿಯ ಆ ದೊಡ್ಡ ಕಥೆಯ ಅಡಿಯಲ್ಲಿ ರಾಮ್ಸ್‌ಗೇಟ್‌ನ ಶನಿವಾರ ಹೂತುಹೋಯಿತು.

ನಾಲ್ಕು ದಿನದ ಮೇಲೆ, ಆಗಸ್ಟ್ 28ರಂದು, ಪ್ರಧಾನಿ ಚರ್ಚಿಲ್ ಬಂದರು. ಬಂದಿದ್ದಾಗಲೇ ಸೈರನ್ ಕೂಗಿ, ಅವರನ್ನೂ ಸುರಂಗಕ್ಕೆ ಇಳಿಸಿದರು. ಒಳಗೆ ಹೊಗೆಬತ್ತಿ ನಿಷಿದ್ಧ. ಮೇಯರ್ ಕೆಂಪ್ ಹೇಳಿದ ಮೇಲೆ ಚರ್ಚಿಲ್ ತಮ್ಮ ಚುಟ್ಟಾ ನಂದಿಸಿದರೆಂದು ಊರಿನವರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ಮೇಲೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಬಾಂಬಿಗೆ ಸಿಕ್ಕ ಒಂದು ಸಣ್ಣ ಹೋಟೆಲು. ಯಾರಿಗೂ ಪೆಟ್ಟಾಗಿರಲಿಲ್ಲ. ಪಾತ್ರೆಪಡಗ, ಮುರಿದ ಕುರ್ಚಿಮೇಜುಗಳ ರಾಶಿಯ ನಡುವೆ ಮಾಲೀಕ, ಅವನ ಹೆಂಡತಿ, ಅಡುಗೆಯವರು, ಬಡಿಸುವ ಹುಡುಗಿಯರು ಅಳುತ್ತಾ ನಿಂತಿದ್ದರು. ಮರಳುವ ದಾರಿಯಲ್ಲಿ ರೈಲಿನಲ್ಲೇ ಹಣಕಾಸು ಸಚಿವ ಕಿಂಗ್ಸ್‌ಲಿ ವುಡ್‌ಗೆ ಪತ್ರ ಬರೆಸಿದುದಾಗಿ ಚರ್ಚಿಲ್ ಮುಂದೆ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಶತ್ರುವಿನ ಬೆಂಕಿಗೆ ಸಿಕ್ಕ ಮನೆ, ಅಂಗಡಿಗಳ ನಷ್ಟವನ್ನು ಆ ಮನೆಯವರ ತಲೆಗೆ ಕಟ್ಟಕೂಡದು, ಇಡೀ ದೇಶ ಹೊರಬೇಕು ಎಂಬುದು ಪತ್ರದ ತಿರುಳು. 1941ರಲ್ಲಿ ಯುದ್ಧಹಾನಿ ಕಾಯ್ದೆ ಬಂತು. ಆಸ್ತಿಯುಳ್ಳವರೆಲ್ಲರ ವಂತಿಗೆಯಿಂದ, ಸರ್ಕಾರದ ಭರವಸೆಯ ಮೇಲೆ ಪರಿಹಾರದ ವ್ಯವಸ್ಥೆಯಾಯಿತು. ಈ ಕಾಯ್ದೆಗೆ ಬೇರೆ ಒತ್ತಾಸೆಗಳೂ ಇದ್ದವು. ಒಂದೇ ಹೋಟೆಲಿನ ಕಣ್ಣೀರು ಇದನ್ನು ತಂದಿತೆಂದರೆ ಅದು ಚರ್ಚಿಲ್ ತಮ್ಮ ಕಥನಕ್ಕೆ ಕೊಟ್ಟ ಹೊಳಪು. ಆದರೂ ಕೆಂಟ್ ತೀರದ ಒಬ್ಬ ಹೋಟೆಲಿಗನ ನಷ್ಟ ದೇಶದ ಕಾನೂನಿನ ಕಡೆಗೆ ಹೆಜ್ಜೆಯಿಟ್ಟದ್ದು ಆ ಮಧ್ಯಾಹ್ನ.

ಮನೆ ಕಳೆದುಕೊಂಡು ರಾತ್ರಿಗೆಂದು ಸುರಂಗಕ್ಕೆ ಇಳಿದವರು ಅಲ್ಲೇ ನೆಲೆಯೂರಿದರು. ಸುಮಾರು ಸಾವಿರ ಮಂದಿ ಸುರಂಗವಾಸಿಗಳಾದರು. ಅಗಲವಾದ ಹಳೆಯ ರೈಲು ಸುರಂಗದಲ್ಲಿ ಗೋಣಿತಾಟು, ಕಂಬಳಿ, ಹಲಗೆಗಳಿಂದ ಗೋಡೆ ಕಟ್ಟಿ ಒಂದೊಂದು ಕುಟುಂಬ ಒಂದೊಂದು ಕೋಣೆ ಮಾಡಿಕೊಂಡಿತು. ಅವಶೇಷಗಳಡಿಯಿಂದ ಎಳೆದು ತಂದ ಮಂಚ, ಗೋಡೆ ಗಡಿಯಾರ, ನೆಲಹಾಸು ಒಳಗೆ ಬಂದವು. ಕ್ಷೌರಿಕ ಅಂಗಡಿ ಹೂಡಿದ. ಸಂಜೆ ಹಾಡು, ವಾದ್ಯ. ಬಂಡೆಯಿಂದ ತೇವ ಜಿನುಗುತ್ತಿತ್ತು, ಹಾಸಿಗೆ ಒಣಗುತ್ತಿರಲಿಲ್ಲ, ಬಕೆಟ್ಟುಗಳ ವಾಸನೆ ತಪ್ಪುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮೇಲೆ ಬಂದು, ಕೆಲಸಕ್ಕೆ ಹೋಗಿ, ಪಡಿತರದ ಸಾಲಿನಲ್ಲಿ ನಿಂತು, ಮತ್ತೆ ಕೆಳಗಿಳಿಯುವ ದಿನಚರಿ ತಿಂಗಳುಗಟ್ಟಲೆ ನಡೆಯಿತು.

ಹೇಲಿ ಸಮಿತಿ ಅಂಜಿದ್ದ ಪ್ರಯೋಗವೇ ಇಲ್ಲಿ ನಡೆದುಹೋಗಿತ್ತು. ಆಳಕ್ಕಿಳಿದವರು ಮೇಲೆ ಬರಲಾರರೆಂಬ ಭವಿಷ್ಯ ಸುಳ್ಳಾಯಿತು. ಬಂದರು ಕೆಲಸ ನಿಲ್ಲಲಿಲ್ಲ, ರೈಲು ನಿಲ್ಲಲಿಲ್ಲ. ಲಂಡನ್ನಿನಲ್ಲೂ ಅಷ್ಟೆ: 1940ರ ನವೆಂಬರ್‌ನ ಗಣತಿಯಲ್ಲಿ ನೆಲದಡಿಯ ಟ್ಯೂಬ್ ರೈಲಿನ ನಿಲ್ದಾಣಗಳಲ್ಲಿ ಮಲಗುತ್ತಿದ್ದವರು ನೂರಕ್ಕೆ ನಾಲ್ವರು ಮಾತ್ರ. ಅಷ್ಟರಲ್ಲಿ ಆಂಡರ್ಸನ್ ಜಾಗಕ್ಕೆ ಹರ್ಬರ್ಟ್ ಮಾರಿಸನ್ ಬಂದಿದ್ದರು. ಸರ್ಕಾರ ತನ್ನ ನಿಲುವು ಬದಲಿಸಿ ಲಂಡನ್ನಿನಲ್ಲಿ ಆಳದ ಆಶ್ರಯಗಳನ್ನು ಕಟ್ಟಲು ಹೊರಟಿತು. ಅವು ಜನರಿಗೆ ತೆರೆದದ್ದು 1944ರಲ್ಲಿ. ಬ್ರಿಟಿಷರ ಯುದ್ಧಕಾಲದ ಸ್ಥೈರ್ಯವೆಂಬುದು ಎಷ್ಟು ನಿಜ, ಎಷ್ಟು ಕಟ್ಟುಕಥೆ ಎಂಬ ಚರ್ಚೆಯನ್ನು ಇತಿಹಾಸಕಾರ ಆಂಗಸ್ ಕಾಲ್ಡರ್ 1991ರಲ್ಲಿ ಎತ್ತಿದ ಮೇಲೆ ಅದು ನಿಂತಿಲ್ಲ. ರಾಮ್ಸ್‌ಗೇಟ್ ಅದಕ್ಕೆ ಸೇರಿಸುವ ಸಾಕ್ಷ್ಯ ಬಹಳ ನೇರ. ತಲೆಯ ಮೇಲೆ ಅರವತ್ತಡಿ ಬಂಡೆ ಇದೆಯೆಂದು ಗೊತ್ತಿದ್ದವನು ಹಗಲು ಹೊರಗೆ ಹೋಗಿ ದುಡಿಯಬಲ್ಲ. ಆ ಬಂಡೆಯಿಲ್ಲದೆ ಬರೀ ಸ್ಥೈರ್ಯವನ್ನು ನಂಬಿ ಎಂದು ಹೇಳಿಸಿಕೊಂಡ ಊರುಗಳು ಹೆಚ್ಚು ಹೆಣಗಳನ್ನು ಹೊತ್ತವು.

ಯುದ್ಧ ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. ಮಕ್ಕಳು ಒಬ್ಬೊಬ್ಬರಾಗಿ ಮರಳಿದರು; ಮನೆಯ ಹಂಬಲಕ್ಕೆ ಬಾಂಬಿನ ಭಯ ಅಡ್ಡವಾಗಲಿಲ್ಲ. ಕಡಲಾಚೆ ಕ್ಯಾಲೆ ಬಳಿಯ ಜರ್ಮನ್ ಫಿರಂಗಿಗಳ ಗುಂಡು ಬಂದು ಬೀಳುತ್ತಿತ್ತು, ಮೊದಲ ಗುಂಡಿಗೆ ಸೈರನ್ನೂ ಇರುತ್ತಿರಲಿಲ್ಲ. 1944ರ ಸೆಪ್ಟೆಂಬರ್ ಕೊನೆಗೆ ಮಿತ್ರಸೇನೆ ಕ್ಯಾಲೆಯನ್ನು ಹಿಡಿದ ಮೇಲೆಯೇ ಕೆಂಟ್ ತೀರಕ್ಕೆ ಉಸಿರು ಬಂತು.

ಶಾಂತಿ ಬಂದರೂ ಹಳೆಯ ಬೇಸಗೆ ಒಮ್ಮೆಗೇ ಬರಲಿಲ್ಲ. ಮೊದಲು ಸೇನೆಯ ತಂಡಗಳು ಮರಳಿನಿಂದ ನೆಲಬಾಂಬು ಕೀಳಬೇಕಿತ್ತು. ಇಂಗ್ಲೆಂಡಿನ ತೀರದುದ್ದಕ್ಕೂ ಆ ಕೆಲಸದಲ್ಲಿ ಜೀವ ತೆತ್ತವರಿದ್ದಾರೆ. ಸೈನ್ಯ ಬಿಟ್ಟುಹೋದ ಹೋಟೆಲುಗಳಲ್ಲಿ ನೆಲದ ಹಲಗೆಯೂ ಉಳಿದಿರಲಿಲ್ಲ. ಹೊಸ ಹಾಸಿಗೆ ಬಟ್ಟೆಗೆ ಕೂಪನ್, ಸಾಬೂನಿಗೆ ಕೂಪನ್. ಐದು ರಾತ್ರಿ ಅಥವಾ ಅದಕ್ಕಿಂತ ಹೆಚ್ಚು ತಂಗುವ ಅತಿಥಿ ತನ್ನ ಪಡಿತರ ಪುಸ್ತಕವನ್ನು ಮನೆಯೊಡತಿಯ ಕೈಗೆ ಒಪ್ಪಿಸಬೇಕಿತ್ತು. ಯುದ್ಧದ ಉದ್ದಕ್ಕೂ ಪಡಿತರವಿಲ್ಲದೆ ಸಿಗುತ್ತಿದ್ದ ಬ್ರೆಡ್ಡಿಗೂ 1946ರ ಜುಲೈನಿಂದ ಎರಡು ವರ್ಷ ಚೀಟಿ ಬಂತು. ಮಾಂಸದ ಪಡಿತರ ಮುಗಿದದ್ದು 1954ರಲ್ಲಿ.

ಆದರೂ ಜನ ಬಂದರು. ಸಂಬಳಸಹಿತ ರಜೆಯ ಕಾನೂನು 1938ರಲ್ಲೇ ಆಗಿತ್ತು; ಯುದ್ಧದಿಂದಾಗಿ ತಡೆದಿದ್ದ ಅದರ ಫಲವನ್ನು ಕಾರ್ಮಿಕ ಕುಟುಂಬಗಳು ಈಗ ಉಂಡವು. ಪುಟ್ಟ ಸುರಂಗ ರೈಲು ಮತ್ತೆ ಓಡಿತು. ಸಾವಿರ ಜನ ಮಲಗಿ ಎದ್ದ ಸುರಂಗದಲ್ಲಿ ಲಂಡನ್ನಿನ ಮಕ್ಕಳು ಟಿಕೆಟ್ ಕೊಂಡು ಕೂಗಾಡುತ್ತಾ ಹೋದರು. ಅದೂ 1965ರಲ್ಲಿ ನಿಂತಿತು. ಅಷ್ಟರಲ್ಲಿ ಅಗ್ಗದ ವಿಮಾನಗಳು ಇಂಗ್ಲಿಷರನ್ನು ಸ್ಪೇನಿನ ಬಿಸಿಲಿಗೆ ಹೊತ್ತೊಯ್ಯತೊಡಗಿದ್ದವು. ಬಾಂಬು ಮಾಡಲಾರದ್ದನ್ನು ಆ ಬಿಸಿಲು ಮಾಡಿತು: ಕೋಣೆ ಬಾಡಿಗೆಯ ಮನೆಗಳು ಖಾಲಿ ಬಿದ್ದವು. ಸುರಂಗಗಳ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಊರಿನ ಹೊಸ ತಲೆಮಾರಿಗೆ ತಮ್ಮ ಕಾಲಡಿ ಏನಿದೆಯೆಂಬುದು ಅಜ್ಜಿಯರ ಬಾಯಿಂದ ತಿಳಿಯಬೇಕಾಯಿತು.

ಊರಿನ ಸ್ವಯಂಸೇವಕರು ವರ್ಷಗಳ ಕಾಲ ಕಸ ಹೊತ್ತು, ಹಣ ಕೂಡಿಸಿ, 2014ರಲ್ಲಿ ಆ ಬಾಗಿಲನ್ನು ಮತ್ತೆ ತೆರೆದರು. ಸನ್‌ಡೌನರ್ ದೋಣಿಯೂ ಊರಿನಲ್ಲೇ ಇದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು, ಮಕ್ಕಳ ಮನೆಗೆಂದು ಹೋಗುವ ಹಿರಿಯರು ಲಂಡನ್ನಿನ ಅರಮನೆಗಳಿಗೆ ಕೊಡುವ ದಿನಗಳಲ್ಲಿ ಒಂದನ್ನು ರಾಮ್ಸ್‌ಗೇಟ್‌ಗೆ ಕೊಡಿ. ಸುರಂಗದೊಳಗೆ ಬೇಸಗೆಯಲ್ಲೂ ಚಳಿ, ಸ್ವೆಟರ್ ಹಾಕಿಕೊಂಡು ಇಳಿಯಿರಿ. ಬ್ರಿಮ್ಮೆಲ್ ಮತ್ತು ಕೆಂಪ್ ಎಂಬ ಎರಡು ಹೆಸರುಗಳನ್ನು ನಿಮ್ಮ ಮೊಮ್ಮಕ್ಕಳಿಗೆ ಅಲ್ಲಿಯೇ ಹೇಳಿಕೊಡಿ.